ಡಿಬಿಟಿ ಎಂದರೇನು, ಗಡಿನಾಡಿನಲ್ಲಿ ಚಿಕಿತ್ಸಕರನ್ನು ಹುಡುಕುವುದು ಹೇಗೆ

ಕಾಸರಗೋಡಿನ ಕಡೆ ಮನಸ್ಸಿನ ನೋವುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಹೆಸರು, ಬೇಜಾರು. ನಿಶ್ಚಯವಾದ ಮದುವೆ ಮುರಿದುಹೋದವನಿಗೂ ಬೇಜಾರು, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದವಳಿಗೂ ಬೇಜಾರು, ಭಾನುವಾರ ಮಧ್ಯಾಹ್ನ ಹೊತ್ತು ಹೋಗದವರಿಗೂ ಬೇಜಾರು, ನಾಲ್ಕು ಜನರೆದುರು ಅವಮಾನಗೊಂಡು ಮನೆಗೆ ಬಂದವರಿಗೂ ಬೇಜಾರು. ಮನೆಮಾತು ತುಳುವಾಗಿರಲಿ, ಹವ್ಯಕ ಕನ್ನಡವಾಗಿರಲಿ, ಉಚ್ಚಾರದಲ್ಲಿ ಅಷ್ಟಿಷ್ಟು ವ್ಯತ್ಯಾಸದೊಂದಿಗೆ ಇದೇ ಶಬ್ದ ಕೇಳಿಬರುತ್ತದೆ. ವೈದ್ಯರ ಮುಂದೆ ಕುಳಿತ ತಾಯಿಯೊಬ್ಬಳು ‘ಮಗಳಿಗೆ ಸಣ್ಣ ಸಣ್ಣ ವಿಷಯಕ್ಕೂ ತುಂಬ ಬೇಜಾರು ಡಾಕ್ಟ್ರೇ’ ಎಂದಾಗ ಆ ಮಾತಿನೊಳಗೆ ದುಃಖವಿದೆಯೋ, ಸಿಟ್ಟಿದೆಯೋ, ನಾಚಿಕೆಯಿದೆಯೋ, ಬದುಕೇ ಬೇಡವೆನ್ನಿಸುವ ಬಳಲಿಕೆಯಿದೆಯೋ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಎಷ್ಟೋ ಸಲ ಮಗಳಿಗೂ ತಿಳಿದಿರುವುದಿಲ್ಲ. ಈ ಒಂದು ಶಬ್ದವನ್ನು ಬಿಡಿಸಿ ಅದರೊಳಗೆ ಏನೇನಿದೆಯೆಂದು ನೋಡಲು ಕಲಿಸುವ, ನೋಡಿದ ಮೇಲೆ ಏನು ಮಾಡಬೇಕೆಂಬುದನ್ನೂ ಕಲಿಸುವ ಒಂದು ಚಿಕಿತ್ಸಾ ಪದ್ಧತಿಯ ಬಗ್ಗೆ, ಮತ್ತು ಅದನ್ನು ಬಲ್ಲವರನ್ನು ನಮ್ಮ ಗಡಿ ಜಿಲ್ಲೆಯಲ್ಲಿದ್ದುಕೊಂಡೇ ಹುಡುಕುವ ದಾರಿಯ ಬಗ್ಗೆ ಈ ಲೇಖನ.

ಅದರ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ. ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ಇದನ್ನು ರೂಪಿಸಿದವರು. ಮತ್ತೆ ಮತ್ತೆ ತಮ್ಮನ್ನು ತಾವೇ ನೋಯಿಸಿಕೊಳ್ಳುತ್ತಿದ್ದ, ಆತ್ಮಹತ್ಯೆಗೆ ಯತ್ನಿಸುತ್ತಿದ್ದ ಮಹಿಳೆಯರಿಗೆ ಅವರು ಮೊದಲು ನೀಡಲು ಹೊರಟದ್ದು ಆಗ ರೂಢಿಯಲ್ಲಿದ್ದ ವರ್ತನಾ ಚಿಕಿತ್ಸೆಯನ್ನು. ಆದರೆ ‘ನೀವು ಹೀಗೆ ಬದಲಾಗಬೇಕು’ ಎಂದು ಹೇಳತೊಡಗಿದರೆ ಎದುರು ಕುಳಿತವರಿಗೆ ತಮ್ಮ ನೋವನ್ನೇ ಅಲ್ಲಗಳೆದಂತೆ ಆಗುತ್ತಿತ್ತು. ಬದಲಾವಣೆಯ ಮಾತನ್ನು ಬಿಟ್ಟು ‘ನಿಮ್ಮ ನೋವು ಅರ್ಥವಾಗುತ್ತದೆ’ ಎಂದಷ್ಟೇ ಹೇಳಿ ಕುಳಿತರೆ ಸಂಕಟ ಇದ್ದಲ್ಲೇ ಇರುತ್ತಿತ್ತು. ಎರಡನ್ನೂ ಒಂದೇ ಚಿಕಿತ್ಸೆಯಲ್ಲಿ, ಒಂದೇ ಮಾತುಕತೆಯಲ್ಲಿ, ಒಂದನ್ನೊಂದು ಬಿಡದಂತೆ ಹಿಡಿದುಕೊಳ್ಳಬೇಕೆಂಬ ತಿಳಿವಿನಿಂದ ಡಿಬಿಟಿ ಹುಟ್ಟಿತು. ಇದರ ಮೊದಲ ಕ್ರಮಬದ್ಧ ಪ್ರಯೋಗದ ಫಲಿತಾಂಶ 1991ರಲ್ಲಿಯೂ ಚಿಕಿತ್ಸಕರಿಗಾಗಿ ಬರೆದ ಕೈಪಿಡಿ 1993ರಲ್ಲಿಯೂ ಪ್ರಕಟವಾದವು. ತಾನು 17ರ ಹರೆಯದಲ್ಲಿ ಇಂಥದೇ ಸಂಕಟದಿಂದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಬಹುಕಾಲ ಕಳೆದಿದ್ದೆನೆಂಬುದನ್ನು ಲಿನೆಹಾನ್ 2011ರಲ್ಲಿ, ಅದೇ ಆಸ್ಪತ್ರೆಯಲ್ಲಿ ನಿಂತು, ಬಹಿರಂಗವಾಗಿ ಹೇಳಿದರು.

ಡಯಲೆಕ್ಟಿಕ್ ಎಂಬುದಕ್ಕೆ ಕನ್ನಡದಲ್ಲಿ ‘ಗತಿತಾರ್ಕಿಕ’ ಎಂಬ ಅನುವಾದ ಇದೆಯಾದರೂ ಅದು ತತ್ತ್ವಶಾಸ್ತ್ರದ ಪುಸ್ತಕಗಳ ಹೊರಗೆ ಬಂದದ್ದು ಕಡಿಮೆ. ಇಲ್ಲಿ ಅದರ ಅರ್ಥ ಸರಳವಾಗಿದೆ: ಒಂದಕ್ಕೊಂದು ವಿರುದ್ಧವೆಂದು ಕಾಣುವ ಎರಡು ಮಾತುಗಳು ಏಕಕಾಲದಲ್ಲಿ ನಿಜವಾಗಿರಬಹುದು. ‘ನನ್ನಿಂದ ಸಾಧ್ಯವಾದಷ್ಟನ್ನು ನಾನು ಮಾಡುತ್ತಿದ್ದೇನೆ’ ಎಂಬುದು ನಿಜ. ‘ನಾನು ಇನ್ನೂ ಕಲಿಯಬೇಕಾದದ್ದಿದೆ’ ಎಂಬುದೂ ನಿಜ. ಅಮ್ಮನ ಮೇಲೆ ಬೆಟ್ಟದಷ್ಟು ಸಿಟ್ಟಿದೆ, ಅಮ್ಮನನ್ನು ಬಿಟ್ಟಿರಲೂ ಆಗುವುದಿಲ್ಲ. ಇವೆರಡರಲ್ಲಿ ಒಂದನ್ನು ಸುಳ್ಳೆಂದು ತೀರ್ಮಾನಿಸಬೇಕಾದ ಅಗತ್ಯವಿಲ್ಲ.

ಕೆಲವರಿಗೆ ಭಾವನೆಗಳು ಇಷ್ಟು ರಭಸದಿಂದ ಬರುವುದೇಕೆ ಎಂಬುದಕ್ಕೆ ಲಿನೆಹಾನ್ ಕೊಡುವ ವಿವರಣೆ ಎರಡು ಕಾಲುಗಳ ಮೇಲೆ ನಿಂತಿದೆ. ಮೊದಲನೆಯದು ಹುಟ್ಟಿನಿಂದಲೇ ಬಂದ ಸೂಕ್ಷ್ಮತೆ: ಬೇಗನೆ ನೋಯುವುದು, ಹೆಚ್ಚು ನೋಯುವುದು, ನೋವು ಇಳಿಯಲು ಹೆಚ್ಚು ಹೊತ್ತು ಬೇಕಾಗುವುದು. ಹಂಚೊಂದು ಜಾರಿದ ಮಾಡಿನ ಕೆಳಗೆ ಮಲಗಿದವರಿಗೂ ನೆರೆಮನೆಯವರಿಗೂ ಬರುವ ಮಳೆ ಒಂದೇ, ನೆನೆಯುವುದು ಒಬ್ಬರೇ. ಎರಡನೆಯದು ಆ ನೋವನ್ನು ನೋವೆಂದು ಒಪ್ಪದ ಪರಿಸರ. ‘ಇಷ್ಟಕ್ಕೆಲ್ಲ ಅಳುವುದುಂಟಾ?’, ‘ನಾವು ಇದಕ್ಕಿಂತ ಹತ್ತು ಪಾಲು ಕಷ್ಟಪಟ್ಟಿಲ್ಲವಾ?’, ‘ಮಂಡೆ ಬೆಚ್ಚ ಮಾಡಿಕೊಳ್ಳಬೇಡ, ಮಲಗು’ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಪ್ರೀತಿಯಿಂದಲೇ ಬರುತ್ತವೆ. ಆದರೆ ವರ್ಷಗಟ್ಟಲೆ ಇದನ್ನೇ ಕೇಳಿ ಬೆಳೆದ ಸೂಕ್ಷ್ಮ ಮಗು, ತನಗೆ ಅನಿಸುವುದನ್ನು ತಾನೇ ನಂಬದಂತಾಗುತ್ತದೆ. ಮೆಲ್ಲನೆ ಹೇಳಿದರೆ ಯಾರೂ ಕೇಳುವುದಿಲ್ಲ, ಕೂಗಾಡಿದರೆ ಮಾತ್ರ ಎಲ್ಲರೂ ಓಡಿ ಬರುತ್ತಾರೆ ಎಂದೂ ಕಲಿಯುತ್ತದೆ. ಈ ವಿವರಣೆಯಲ್ಲಿ ಅಪರಾಧಿಗಳಿಲ್ಲ ಎಂಬುದನ್ನು ತಂದೆತಾಯಿಗಳು ಗಮನಿಸಬೇಕು. ಮಗುವಿನ ಸ್ವಭಾವಕ್ಕೂ ಮನೆಯ ರೀತಿಗೂ ಹೊಂದಾಣಿಕೆ ತಪ್ಪಿದೆ ಎಂದಷ್ಟೇ ಇದರ ಅರ್ಥ.

ಡಿಬಿಟಿ ಮೊದಲು ರೂಪುಗೊಂಡದ್ದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ತೊಂದರೆಯಿರುವವರಿಗಾಗಿ. ಭಾವನೆಗಳ ತೀವ್ರ ಏರಿಳಿತ, ಬಿಟ್ಟುಹೋಗುತ್ತಾರೆಂಬ ಭಯ, ಒಮ್ಮೆ ಆಕಾಶಕ್ಕೇರಿಸಿ ಮರುಕ್ಷಣ ನೆಲಕ್ಕಿಳಿಸುವ ಸಂಬಂಧಗಳು, ಒಳಗೆ ಬರಿದೆನಿಸುವುದು, ತನ್ನನ್ನು ತಾನೇ ನೋಯಿಸಿಕೊಳ್ಳುವುದು ಇದರ ಲಕ್ಷಣಗಳಲ್ಲಿ ಕೆಲವು. ಅಡಾಲ್ಫ್ ಸ್ಟರ್ನ್ ಎಂಬ ಮನೋವಿಶ್ಲೇಷಕರು 1938ರಲ್ಲಿ, ಅಂದಿನ ಕಾಲದ ಎರಡು ರೋಗವರ್ಗಗಳ ನಡುವಿನ ಗಡಿಯಲ್ಲಿರುವವರು ಎಂಬರ್ಥದಲ್ಲಿ ಬಾರ್ಡರ್‌ಲೈನ್ ಎಂಬ ಶಬ್ದವನ್ನು ಬಳಸಿದ್ದರು. ಆ ವರ್ಗೀಕರಣ ಇಂದು ಹಾಗೆ ಉಳಿದಿಲ್ಲ, ಹೆಸರು ಮಾತ್ರ ಉಳಿದಿದೆ. ‘ಪರ್ಸನಾಲಿಟಿ ಡಿಸಾರ್ಡರ್’ ಎಂದು ಚೀಟಿಯಲ್ಲಿ ಬರೆದದ್ದನ್ನು ನೋಡಿ ತನ್ನ ವ್ಯಕ್ತಿತ್ವವೇ ಕೆಟ್ಟದ್ದೆಂದು ಯಾರೂ ಭಾವಿಸಬಾರದು. ಚಿಕಿತ್ಸೆಯಿಂದ ಮತ್ತು ಕಾಲ ಕಳೆದಂತೆ ಬಹಳ ಮಂದಿ ಇದರಿಂದ ಚೇತರಿಸಿಕೊಳ್ಳುತ್ತಾರೆ. ಇದಕ್ಕೆಂದೇ ಇರುವ ನಿರ್ದಿಷ್ಟ ಮಾತ್ರೆಯಿಲ್ಲ. ಜೊತೆಗಿರುವ ಖಿನ್ನತೆ, ನಿದ್ರಾಹೀನತೆ ಮೊದಲಾದವುಗಳಿಗೆ ವೈದ್ಯರು ಔಷಧ ಕೊಡಬಹುದು. ಮುಖ್ಯ ಚಿಕಿತ್ಸೆ ಮಾತಿನದು ಮತ್ತು ಅಭ್ಯಾಸದ್ದು.

ಪೂರ್ಣ ಪ್ರಮಾಣದ ಡಿಬಿಟಿಗೆ ನಾಲ್ಕು ಅಂಗಗಳಿವೆ. ವಾರಕ್ಕೊಮ್ಮೆ ಚಿಕಿತ್ಸಕರೊಡನೆ ಒಬ್ಬರೇ ಕುಳಿತು ಮಾತನಾಡುವುದು. ವಾರಕ್ಕೊಮ್ಮೆ ಏಳೆಂಟು ಮಂದಿಯ ಗುಂಪಿನಲ್ಲಿ ಕೌಶಲಗಳನ್ನು ಕಲಿಯುವುದು. ನಡುವೆ ಸಂಕಟ ಬಂದಾಗ ಕಲಿತದ್ದನ್ನು ಆ ಕ್ಷಣದಲ್ಲಿ ಹೇಗೆ ಬಳಸಬೇಕೆಂದು ಚಿಕಿತ್ಸಕರಿಗೆ ಫೋನ್ ಮಾಡಿ ಕೇಳುವುದು. ಕೊನೆಯದು, ಚಿಕಿತ್ಸಕರು ತಮ್ಮತಮ್ಮಲ್ಲಿ ವಾರಕ್ಕೊಮ್ಮೆ ಸೇರಿ ಒಬ್ಬರನ್ನೊಬ್ಬರು ತಿದ್ದಿಕೊಳ್ಳುವ ತಂಡ. ಈ ಕೊನೆಯ ಅಂಗ ರೋಗಿಗೆ ಕಾಣುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಇಡೀ ಪದ್ಧತಿಯ ಪ್ರಾಮಾಣಿಕತೆ ಇದರಲ್ಲಿದೆ. ಸಾವಿನ ಮಾತನ್ನು ದಿನವೂ ಕೇಳುವವರಿಗೂ ಆಸರೆ ಬೇಕು ಎಂದು ಅದು ಒಪ್ಪಿಕೊಂಡಿದೆ. ಕೌಶಲಗಳ ಒಂದು ಸುತ್ತು ಮುಗಿಯಲು ಸುಮಾರು 24 ವಾರ ಬೇಕು. ಸಾಮಾನ್ಯವಾಗಿ ಎರಡು ಸುತ್ತು ಮಾಡಿಸಿ ಒಂದು ವರ್ಷಕ್ಕೆ ಮುಗಿಸುತ್ತಾರೆ. ಮಾತುಕತೆಯಲ್ಲಿ ಯಾವುದು ಮೊದಲು ಎಂಬುದಕ್ಕೂ ಕ್ರಮವಿದೆ. ಜೀವಕ್ಕೆ ಅಪಾಯ ತರುವ ನಡವಳಿಕೆ ಮೊದಲು, ಚಿಕಿತ್ಸೆಯನ್ನೇ ಕೆಡಿಸುವ ನಡವಳಿಕೆ ಆಮೇಲೆ, ಬದುಕಿನ ಗುಣಮಟ್ಟವನ್ನು ಕೆಡಿಸುವ ಉಳಿದ ತೊಂದರೆಗಳು ಅದಾದ ಮೇಲೆ.

ಕೌಶಲಗಳೂ ನಾಲ್ಕು ಬಗೆ. ಈ ಕ್ಷಣದಲ್ಲಿ ಏನಾಗುತ್ತಿದೆ ಎಂಬುದನ್ನು ತೀರ್ಪು ಕೊಡದೆ ಗಮನಿಸುವ ಮೈಂಡ್‌ಫುಲ್‌ನೆಸ್ ಮೊದಲನೆಯದು. ಲಿನೆಹಾನ್ ಇದನ್ನು ಝೆನ್ ಸಾಧನೆಯಿಂದ ತೆಗೆದುಕೊಂಡು ಧರ್ಮದ ಹಂಗಿಲ್ಲದಂತೆ ಬೋಧಿಸಿದರು. ಬರೀ ಭಾವನೆಯೂ ಅಲ್ಲದ, ಬರೀ ಲೆಕ್ಕಾಚಾರವೂ ಅಲ್ಲದ, ಎರಡನ್ನೂ ಕೇಳಿ ನಿರ್ಧರಿಸುವ ‘ವಿವೇಕದ ಮನಸ್ಸು’ ಎಂಬ ಕಲ್ಪನೆ ಇಲ್ಲಿಯದು.

ಎರಡನೆಯದು ಸಂಕಟವನ್ನು ತಾಳಿಕೊಳ್ಳುವುದು. ಪರಿಸ್ಥಿತಿಯನ್ನು ತಕ್ಷಣಕ್ಕೆ ಸರಿಪಡಿಸಲು ಆಗದಿದ್ದಾಗ ಅದನ್ನು ಇನ್ನಷ್ಟು ಕೆಡಿಸದೆ ಆ ಹೊತ್ತನ್ನು ದಾಟುವ ವಿದ್ಯೆ ಇದು. ಉಸಿರು ಬಿಗಿಹಿಡಿದು ಮುಖವನ್ನು ತುಂಬ ತಣ್ಣಗಿನ ನೀರಿನಲ್ಲಿ ಸುಮಾರು 30 ಸೆಕೆಂಡು ಅದ್ದಿದರೆ ನೀರಿನಲ್ಲಿ ಮುಳುಗಿದಾಗ ದೇಹ ತೋರುವ ಸಹಜ ಪ್ರತಿಕ್ರಿಯೆಯಿಂದ ಹೃದಯದ ಬಡಿತ ನಿಧಾನವಾಗುತ್ತದೆ. ಏರಿದ ಆವೇಗ ಒಂದಿಷ್ಟು ಇಳಿದು ಯೋಚಿಸಲು ಜಾಗ ಸಿಗುತ್ತದೆ. ಗುಡ್ಡದಲ್ಲಿ ಕೊರೆದ ಸುರಂಗದ ತಣ್ಣನೆಯ ನೀರು ಬರುವ ಮನೆಯಲ್ಲಿಯೂ ಅದಕ್ಕೆ ಒಂದಿಷ್ಟು ಐಸ್ ಸೇರಿಸುವುದು ಒಳ್ಳೆಯದು. ಹೃದಯದ ತೊಂದರೆ ಇರುವವರು, ಊಟ ತೊರೆದು ದೇಹ ತೀರ ಕೃಶವಾಗಿರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಉಸಿರನ್ನು ಒಳಗೆಳೆದುಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಹೊರಬಿಡುವುದು, ನಿಮಿಷಕ್ಕೆ ಐದಾರು ಉಸಿರಿನಂತೆ, ಎಲ್ಲರಿಗೂ ಎಟಕುವ ಇನ್ನೊಂದು ಉಪಾಯ.

ಮೂರನೆಯದಾದ ಭಾವನೆಗಳ ನಿರ್ವಹಣೆಗೆ ಬಂದಾಗ ನಾವು ಮತ್ತೆ ‘ಬೇಜಾರಿ’ಗೆ ಮರಳುತ್ತೇವೆ, ಏಕೆಂದರೆ ಇದರ ಮೊದಲ ಪಾಠವೇ ಹೆಸರಿಡುವುದು. ಬಂದದ್ದು ಸಿಟ್ಟೋ, ಹೊಟ್ಟೆಕಿಚ್ಚೋ, ನಾಚಿಕೆಯೋ, ತಪ್ಪು ಮಾಡಿದೆನೆಂಬ ಅಳುಕೋ ಎಂಬುದು ಗೊತ್ತಾಗದೆ ಮುಂದಿನ ಹೆಜ್ಜೆಯಿಲ್ಲ. ಪ್ರತಿಯೊಂದು ಭಾವನೆಯೂ ನಮ್ಮಿಂದ ಬೇರೆ ಬೇರೆ ಕೆಲಸ ಮಾಡಿಸಲು ಹೊರಡುತ್ತದೆ: ಭಯ ಓಡಿಸುತ್ತದೆ, ನಾಚಿಕೆ ಬಚ್ಚಿಡುತ್ತದೆ, ದುಃಖ ಮೂಲೆಯಲ್ಲಿ ಕೂರಿಸುತ್ತದೆ. ಭಾವನೆ ವಾಸ್ತವಕ್ಕೆ ತಕ್ಕುದಾಗಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ತಕ್ಕುದಾಗಿಲ್ಲವೆಂದಾದರೆ ಅದು ಮಾಡಿಸಲು ಹೊರಟದ್ದಕ್ಕೆ ವಿರುದ್ಧವಾದದ್ದನ್ನು, ಪೂರ್ಣ ಮನಸ್ಸಿನಿಂದ, ಮಾಡಬೇಕು. ಕೆಲಸ ಹೋಯಿತೆಂಬ ನಾಚಿಕೆಯಿಂದ ನೆಂಟರ ಮದುವೆಗೆ ಹೋಗದೆ ಉಳಿಯುವವನು ಹೋಗಬೇಕು, ತಲೆಯೆತ್ತಿ ಮಾತನಾಡಬೇಕು, ಊಟದ ಪಂಕ್ತಿಯಲ್ಲಿ ಎಲ್ಲರೊಟ್ಟಿಗೆ ಕುಳಿತುಕೊಳ್ಳಬೇಕು. ಒಂದು ಸಲಕ್ಕೆ ನಾಚಿಕೆ ಹೋಗದಿರಬಹುದು. ಹತ್ತು ಸಲ ಮಾಡಿದರೆ ಅದರ ಹಿಡಿತ ಸಡಿಲವಾಗುತ್ತದೆ.

ನಾಲ್ಕನೆಯದು ಸಂಬಂಧ ಕೆಡದಂತೆ, ತನ್ನ ಮರ್ಯಾದೆಯೂ ಉಳಿಯುವಂತೆ, ಬೇಕಾದದ್ದನ್ನು ಕೇಳುವ ಜಾಣ್ಮೆ. ನಡೆದದ್ದನ್ನು ಮೊದಲು ಹೇಳಬೇಕು, ತನಗೆ ಏನನಿಸಿತೆಂಬುದನ್ನು ಆಮೇಲೆ, ಬೇಕಾದದ್ದನ್ನು ಸ್ಪಷ್ಟವಾಗಿ, ಅದರಿಂದ ಆಗುವ ಒಳಿತನ್ನು ಕೊನೆಗೆ. ಚಿಕಿತ್ಸೆಗೆ ಹೋಗಲು ಅಪ್ಪನ ಒಪ್ಪಿಗೆ ಬೇಕಾದ ಮಗಳು ಹೀಗೆ ಹೇಳಬಹುದು: ‘ಅಪ್ಪ, ಕಳೆದ ತಿಂಗಳು ನಾನು ಆರು ದಿನ ಕಾಲೇಜಿಗೆ ಹೋಗಲಿಲ್ಲ, ರಾತ್ರಿ ನಿದ್ದೆಯೂ ಬರುವುದಿಲ್ಲ. ನನಗೆ ಹೆದರಿಕೆಯಾಗಿದೆ. ಪ್ರತಿ ಶನಿವಾರ ಮಂಗಳೂರಿಗೆ ಥೆರಪಿಗೆ ಹೋಗಬೇಕೂಂತ ಇದ್ದೇನೆ, ಮೊದಲ ದಿನ ನೀವು ನನ್ನೊಟ್ಟಿಗೆ ಬರಬೇಕು. ಇದು ಸರಿಯಾದರೆ ಈ ವರ್ಷದ ಪರೀಕ್ಷೆ ಬಿಡಬೇಕಾಗಿ ಬರಲಿಕ್ಕಿಲ್ಲ.’ ಅಪ್ಪ ಮಾತು ತಿರುಗಿಸಿದರೂ ಅವಳು ಅದೇ ಕೋರಿಕೆಗೆ ಸಾವಧಾನದಿಂದ ಮರಳುತ್ತಾಳೆ.

ಒಬ್ಬರೇ ಕುಳಿತು ಮಾಡುವ ಭೇಟಿಯಲ್ಲಿ ನಡೆಯುವ ಮುಖ್ಯ ಕೆಲಸ ಸರಪಳಿ ವಿಶ್ಲೇಷಣೆ. ಕುಂಬಳೆಯಿಂದ ದಿನವೂ ರೈಲಿನಲ್ಲಿ ಮಂಗಳೂರಿನ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಬುಧವಾರ ರಾತ್ರಿ ಅವಳು ಕೋಣೆಯ ಬಾಗಿಲು ಹಾಕಿಕೊಂಡು ತನ್ನನ್ನು ತಾನು ನೋಯಿಸಿಕೊಂಡಳು. ‘ಅಮ್ಮ ಬೈದದ್ದಕ್ಕೆ ಹೀಗಾಯಿತು’ ಎಂದು ಅವಳ ನಂಬಿಕೆ. ಚಿಕಿತ್ಸಕರು ಅವಳೊಂದಿಗೆ ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋಗುತ್ತಾರೆ. ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ, ಮಧ್ಯಾಹ್ನ ಊಟ ಮಾಡಿರಲಿಲ್ಲ. ಸಂಜೆಯ ರೈಲಿನಲ್ಲಿ ಕುಳಿತು ಕಳುಹಿಸಿದ ಮೆಸೇಜನ್ನು ಗೆಳತಿ ನೋಡಿಯೂ ಉತ್ತರಿಸಲಿಲ್ಲ. ‘ಎಲ್ಲರೂ ನನ್ನನ್ನು ಬಿಟ್ಟುಹೋಗುತ್ತಾರೆ’ ಎಂಬ ಯೋಚನೆ ಉಳ್ಳಾಲ ದಾಟುವಷ್ಟರಲ್ಲಿ ಬಂತು, ಎದೆ ಬಿಗಿಯಿತು. ಮನೆಗೆ ಬಂದಾಗ ಅಮ್ಮ ‘ಮುಖ ಯಾಕೆ ಹಾಗೆ ಮಾಡಿಕೊಂಡಿದ್ದೀ?’ ಎಂದಳು, ಕೂಗಾಟವಾಯಿತು, ಬಾಗಿಲು ಮುಚ್ಚಿತು. ನೋಯಿಸಿಕೊಂಡ ಮೇಲೆ ಹತ್ತು ನಿಮಿಷ ಹಗುರವೆನಿಸಿತು, ಆಮೇಲೆ ಮೊದಲಿಗಿಂತ ಹೆಚ್ಚಿನ ನಾಚಿಕೆ. ಹೀಗೆ ಬಿಡಿಸಿಟ್ಟಾಗ ಅಮ್ಮನ ಮಾತು ಹತ್ತು ಕೊಂಡಿಗಳಲ್ಲಿ ಒಂದು ಮಾತ್ರವೆಂದು ಕಾಣುತ್ತದೆ, ಮತ್ತು ರೈಲಿನಲ್ಲಿದ್ದಾಗಲೇ ಎಲ್ಲಿ ಕತ್ತರಿಸಬಹುದಿತ್ತೆಂಬುದೂ ಕಾಣುತ್ತದೆ. ಇದಕ್ಕೆ ಬೇಕಾದ ವಿವರಗಳು ಮರೆತುಹೋಗದಂತೆ ದಿನವೂ ಭಾವನೆ, ಆವೇಗ, ಬಳಸಿದ ಕೌಶಲಗಳನ್ನು ಗುರುತು ಹಾಕುವ ಡೈರಿ ಕಾರ್ಡ್ ಎಂಬ ಹಾಳೆಯೊಂದನ್ನು ತುಂಬಿಸಬೇಕು.

ಇದು ಫಲ ಕೊಡುತ್ತದೆಯೇ? ಲಿನೆಹಾನ್ ತಂಡ 2006ರಲ್ಲಿ ಪ್ರಕಟಿಸಿದ 101 ಮಹಿಳೆಯರ ಅಧ್ಯಯನದಲ್ಲಿ, ಇತರ ಪರಿಣತರ ಚಿಕಿತ್ಸೆ ಪಡೆದವರಿಗಿಂತ ಡಿಬಿಟಿ ಪಡೆದವರು ಆತ್ಮಹತ್ಯೆಗೆ ಯತ್ನಿಸುವ ಸಂಭವ ಅರ್ಧದಷ್ಟಿತ್ತು. ಆದರೆ ಕೆನಡಾದಲ್ಲಿ 180 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾರ್ಡರ್‌ಲೈನ್ ತೊಂದರೆಯನ್ನು ಚೆನ್ನಾಗಿ ಬಲ್ಲ ಮನೋವೈದ್ಯರ ಕ್ರಮಬದ್ಧ ಆರೈಕೆಯೂ ಡಿಬಿಟಿಯಷ್ಟೇ ಫಲ ಕೊಟ್ಟಿತು. ನಮ್ಮಂಥ ಊರಿನವರಿಗೆ ಈ ಎರಡನೆಯ ಸಂಗತಿ ದೊಡ್ಡ ಭರವಸೆ, ಏಕೆಂದರೆ ನಾಲ್ಕೂ ಅಂಗಗಳಿರುವ ಡಿಬಿಟಿ ಕೇಂದ್ರಗಳು ಭಾರತದಲ್ಲಿ ಕೆಲವು ದೊಡ್ಡ ನಗರಗಳನ್ನು ಬಿಟ್ಟರೆ ವಿರಳ. ಅದು ಸಿಗದಿದ್ದರೆ ಚಿಕಿತ್ಸೆಯೇ ಇಲ್ಲ ಎಂದು ಕುಳಿತುಕೊಳ್ಳಬೇಕಾಗಿಲ್ಲ. ಹಾಗೆಯೇ ಎಲ್ಲ ತೊಂದರೆಗೂ ಡಿಬಿಟಿ ಮದ್ದಲ್ಲ. ಕೈ ತೊಳೆದಷ್ಟೂ ಸಾಲದೆನಿಸುವ ಒಸಿಡಿಗೆ, ಇದ್ದಕ್ಕಿದ್ದಂತೆ ಎದೆ ಬಡಿದುಕೊಳ್ಳುವ ಪ್ಯಾನಿಕ್‌ಗೆ ಬೇರೆ ಬಗೆಯ ವರ್ತನಾ ಚಿಕಿತ್ಸೆಗಳು ಮೊದಲ ಆಯ್ಕೆ. ಆದ್ದರಿಂದ ಮೊದಲು ಬೇಕಾದದ್ದು ಸರಿಯಾದ ತಪಾಸಣೆ.

ಯಾರಲ್ಲಿಗೆ ಹೋಗಬೇಕು? ಮನೋವೈದ್ಯರು ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದವರು; ಔಷಧ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ. ಪರೀಕ್ಷೆ ಮತ್ತು ಥೆರಪಿ ಅವರ ಕೆಲಸ. 1992ರ ಕಾಯ್ದೆಯಂತೆ ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ, ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ, ನಮ್ಮ ಹಕ್ಕು. ಕೌನ್ಸೆಲರ್ ಎಂಬ ಹೆಸರಿಗೆ ಅಂಥ ಬಿಗಿಯಾದ ವ್ಯವಸ್ಥೆ ಇನ್ನೂ ನೆಲೆಗೊಂಡಿಲ್ಲ. ಒಳ್ಳೆಯ ಕೌನ್ಸೆಲರ್‌ಗಳು ಖಂಡಿತ ಇದ್ದಾರೆ, ಆದರೆ ಏನು ಓದಿದ್ದಾರೆ, ಎಲ್ಲಿ ತರಬೇತಿ ಪಡೆದಿದ್ದಾರೆ ಎಂದು ವಿಚಾರಿಸುವ ಹೊಣೆ ಹೋಗುವವರ ಮೇಲೆಯೇ ಬೀಳುತ್ತದೆ.

ಹಣದ ಚಿಂತೆ ಇರುವವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಿಂದ ಆರಂಭಿಸುವುದು ಒಳ್ಳೆಯದು. ಕೇರಳದ 14 ಜಿಲ್ಲೆಗಳಲ್ಲಿಯೂ ಅದಿದೆ. ಅದರ ತಂಡ ನಿಗದಿತ ದಿನಗಳಲ್ಲಿ ಗ್ರಾಮಾಂತರದ ಆರೋಗ್ಯ ಕೇಂದ್ರಗಳಿಗೂ ಬರುತ್ತದೆ. ಯಾವ ದಿನ, ಎಲ್ಲಿ ಎಂಬುದು ಸಮೀಪದ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಉಳಿದಂತೆ ನಾವು ಎಲ್ಲ ಕಾಯಿಲೆಗಳಿಗೂ ಮಾಡುವಂತೆ ತಲಪಾಡಿ ದಾಟುತ್ತೇವೆ. ಗಡಿ ದಾಟಿದರೆ ದೇರಳಕಟ್ಟೆಯಲ್ಲಿಯೂ ಮಂಗಳೂರು ನಗರದಲ್ಲಿಯೂ ಮೆಡಿಕಲ್ ಕಾಲೇಜುಗಳಿವೆ; ಅಂಥ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ ಶುಲ್ಕಕ್ಕೆ ತಪಾಸಣೆ ಸಾಧ್ಯವಾಗಬಹುದು. ಆದರೆ ಥೆರಪಿ ವಾರವಾರದ ಕೆಲಸ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಅಡೂರು, ಮುಳ್ಳೇರಿಯದ ಕಡೆಯವರಿಗೆ ಇನ್ನೂ ಹೆಚ್ಚು. ಬಸ್ಸು, ಕಾಯುವಿಕೆ ಸೇರಿ ಒಂದು ದಿನ ಹೋಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕದೆ ಹೊರಟವರು ಐದಾರು ವಾರಗಳಲ್ಲಿ ನಿಲ್ಲಿಸಿಬಿಡುವುದನ್ನು ನಾನು ಕಂಡಿದ್ದೇನೆ. ಮೊದಲ ಕೆಲವು ಭೇಟಿಗಳನ್ನು ಮುಖತಃ ಮಾಡಿ ಆಮೇಲೆ ಆನ್‌ಲೈನ್‌ನಲ್ಲಿ ಮುಂದುವರಿಸಬಹುದೇ ಎಂದು ಆರಂಭದಲ್ಲೇ ಕೇಳಿಕೊಳ್ಳುವುದು ಮೇಲು. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ನಮಗೆ ಮರೆತಿಲ್ಲ. ಆನ್‌ಲೈನ್‌ಗೆ ಬೇಕಾದದ್ದು ನೆಟ್‌ವರ್ಕ್ ಮಾತ್ರವಲ್ಲ, ಯಾರಿಗೂ ಕೇಳಿಸದ ಜಾಗ. ಬಾಗಿಲು ಹಾಕಿಕೊಂಡರೆ ಎಲ್ಲರೂ ಯಾಕೆಂದು ಕೇಳುವ ಮನೆಗಳಲ್ಲಿ ತೋಟದ ಪಂಪ್‌ಶೆಡ್ಡೋ, ಟೆರೇಸೋ, ನಿಲ್ಲಿಸಿದ ಕಾರೋ ಆಗಬಹುದು.

ಭಾಷೆಯ ಪ್ರಶ್ನೆಯನ್ನು ಸಣ್ಣದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಜ್ವರಕ್ಕೆ ಮದ್ದು ತರಲು ಅಷ್ಟಿಷ್ಟು ಮಲಯಾಳ ಸಾಕು. ಆದರೆ ಇಡೀ ಚಿಕಿತ್ಸೆಯೇ ಭಾವನೆಗೆ ಹೆಸರಿಡುವುದರ ಮೇಲೆ ನಿಂತಿರುವಾಗ ಅಷ್ಟು ಸಾಲದು. ಮಲಯಾಳದ ‘ವಿಷಮಂ’ ದುಃಖವನ್ನೂ ಮನನೋವನ್ನೂ ಸೂಚಿಸುತ್ತದೆ. ಕನ್ನಡದವರ ಕಿವಿಗೆ ‘ವಿಷಮ’ ಎಂದರೆ ಪರಿಸ್ಥಿತಿ ಬಿಗಡಾಯಿಸಿದೆ ಎಂದು. ಅವರ ‘ಸಂಗಡಂ’ ದುಃಖ, ನಮ್ಮ ‘ಸಂಕಟ’ ಹೊಟ್ಟೆಯೊಳಗಿನ ಕಿವುಚುವಿಕೆಯೂ ಆಗುತ್ತದೆ. ಅಜ್ಜಿಯೊಂದಿಗೆ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್ ಆಡುವ ನಮ್ಮವರು ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಮಾತನಾಡುತ್ತಾರೋ ಆ ಭಾಷೆ ಬಲ್ಲ ಚಿಕಿತ್ಸಕರು ಸಿಕ್ಕರೆ, ಡಿಬಿಟಿಯ ತರಬೇತಿ ಸ್ವಲ್ಪ ಕಡಿಮೆಯಿದ್ದರೂ, ನಾನಾದರೆ ಅವರನ್ನೇ ಆರಿಸಿಕೊಳ್ಳುತ್ತೇನೆ.

ಮೊದಲ ಭೇಟಿಯಲ್ಲಿ ಕೇಳಬೇಕಾದ ಮಾತುಗಳನ್ನು ಬರೆದುಕೊಂಡು ಹೋಗಬೇಕು. ಡಿಬಿಟಿಯ ತರಬೇತಿ ಎಲ್ಲಿ ಆಯಿತು, ಪೂರ್ಣ ಡಿಬಿಟಿ ಕೊಡುತ್ತೀರೋ ಅದರ ಕೌಶಲಗಳನ್ನು ಮಾತ್ರ ಬಳಸುತ್ತೀರೋ, ಗುಂಪು ಇದೆಯೇ, ಎರಡು ಭೇಟಿಗಳ ನಡುವೆ ಫೋನ್ ಮಾಡಬಹುದೇ, ಎಷ್ಟು ತಿಂಗಳು, ಶುಲ್ಕವೆಷ್ಟು, ಬರಲಾಗದ ವಾರಕ್ಕೂ ಕೊಡಬೇಕೇ, ಮನೆಯವರಿಗೆ ಏನನ್ನು ಹೇಳುತ್ತೀರಿ, ಏನನ್ನು ಹೇಳುವುದಿಲ್ಲ. ಪೂರ್ಣ ಡಿಬಿಟಿ ಇಲ್ಲವೆಂದು ನೇರವಾಗಿ ಹೇಳುವವರನ್ನು ಹೆಚ್ಚು ನಂಬಬಹುದು. ಮೂರು ಭೇಟಿಯಲ್ಲಿ ಗುಣಪಡಿಸುತ್ತೇನೆ ಎನ್ನುವವರಿಂದ, ಮನೋವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲು ಹೇಳುವವರಿಂದ, ನಾವು ಹೇಳಿದ್ದನ್ನು ಊರಿನವರ ಕಿವಿಗೆ ಹಾಕುವವರಿಂದ ದೂರವಿರಬೇಕು. ಗೋಪ್ಯತೆ ಚಿಕಿತ್ಸಕರ ದೊಡ್ಡತನವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ರೋಗಿಯ ಹಕ್ಕೆಂದು ಹೇಳಿದೆ, ಜೀವಾಪಾಯದಂಥ ಕೆಲವು ಸಂದರ್ಭಗಳನ್ನು ಬಿಟ್ಟು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕೇ ಹೊರತು ಶಿಕ್ಷಿಸಬಾರದೆಂದು ಅದೇ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಪೊಲೀಸ್ ಕೇಸಾದೀತೆಂಬ ಹೆದರಿಕೆಯಿಂದ ಆಸ್ಪತ್ರೆಯಲ್ಲಿ ಸುಳ್ಳು ಹೇಳುವ ಮನೆಯವರು ಇದನ್ನು ತಿಳಿದಿರಬೇಕು.

ಮನೆಯವರು ಜ್ಯೋತಿಷಿಗಳಲ್ಲಿ ಪ್ರಶ್ನೆಯಿಟ್ಟು ನೋಡುತ್ತಾರೆ, ದೈವಕ್ಕೆ ಹರಕೆ ಹೇಳುತ್ತಾರೆ. ಅದರಿಂದ ಅವರಿಗೆ ಧೈರ್ಯ ಬರುವುದಾದರೆ ಬರಲಿ, ಆದರೆ ಚಿಕಿತ್ಸೆಯ ದಿನವನ್ನು ಮುಂದೂಡಬಾರದು. ಹದಿಹರೆಯದವರ ಡಿಬಿಟಿಯಲ್ಲಿ ತಂದೆತಾಯಿಗಳೂ ಕೌಶಲ ಕಲಿಯುವ ಗುಂಪಿನಲ್ಲಿ ಮಕ್ಕಳೊಂದಿಗೆ ಕುಳಿತು ಕಲಿಯುತ್ತಾರೆ. ಅಲ್ಲಿ ಅವರು ಕಲಿಯುವ ಮುಖ್ಯ ವಿಷಯವೆಂದರೆ ನೋವನ್ನು ಒಪ್ಪುವುದಕ್ಕೂ ನಡವಳಿಕೆಯನ್ನು ಒಪ್ಪುವುದಕ್ಕೂ ಇರುವ ವ್ಯತ್ಯಾಸ. ‘ಗೆಳತಿ ಉತ್ತರ ಕೊಡದಿದ್ದರೆ ನೋವಾಗುವುದು ಸಹಜ’ ಎಂದು ಹೇಳಿದ ತಾಯಿ, ಮಗಳು ತಟ್ಟೆ ಎಸೆದದ್ದು ಸರಿಯೆಂದು ಹೇಳಿದಂತಾಗುವುದಿಲ್ಲ.

ವಾರದ ಭೇಟಿಗೆ ಕಾಯಲಾಗದ ರಾತ್ರಿಗಳಿರುತ್ತವೆ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಕನ್ನಡದಲ್ಲಿಯೂ ಲಭ್ಯವಿದೆ. ಕೇರಳದ ದಿಶಾ ಸಹಾಯವಾಣಿಯ ಸಂಖ್ಯೆ 1056. ಜೀವಕ್ಕೆ ಅಪಾಯವಿದೆಯೆಂದು ಕಂಡರೆ ಒಬ್ಬರನ್ನೇ ಬಿಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.

ಚಿಕಿತ್ಸಕರು ಸಿಗುವವರೆಗೂ ಒಂದು ಕೆಲಸವನ್ನು ಆರಂಭಿಸಬಹುದು. ಸಣ್ಣ ನೋಟ್‌ಬುಕ್ ಒಂದರಲ್ಲಿ ದಿನವೂ ರಾತ್ರಿ ಎರಡು ಸಾಲು ಬರೆಯಬೇಕು: ಇಂದು ಬೇಜಾರಾದದ್ದು ಯಾವಾಗ, ಅದರ ಸರಿಯಾದ ಹೆಸರೇನು. ಹೆಸರು ತುಳುವಿನಲ್ಲಿ ಬಂದರೆ ತುಳುವಿನಲ್ಲಿಯೇ ಬರೆಯಬೇಕು, ಹೊಳೆಯದಿದ್ದರೆ ದೇಹದಲ್ಲಿ ಎಲ್ಲಿ ಏನಾಯಿತೆಂದು ಬರೆಯಬೇಕು. ಮೊದಲ ಭೇಟಿಗೆ ಹೋಗುವ ದಿನ ಅದನ್ನು ಚೀಲದಲ್ಲಿ ಹಾಕಿಕೊಂಡರೆ, ‘ಏನು ತೊಂದರೆ?’ ಎಂದು ಅವರು ಕೇಳಿದಾಗ ತೆರೆದು ಓದಬಹುದು.